ಮುಷ್ಟಿಯಲ್ಲಿದ್ದದ್ದು ಅವರದು

ತಿರುಮಕೂಡಲು ನರಸೀಪುರ
೧೪ ನವೆಂಬರ್ ೧೯೯೮, ಶನಿವಾರ

ಪ್ರೀತಿಯ ಅಣ್ಣನಿಗೆ ಚಿಕ್ಕತಾಯಿಯ ಜೈಭೀಮ್.

ನೀನು, ಅತ್ತಿಗೆ, ನಮ್ಮ ಬಿಂದುಶ್ರೀ ಎಲ್ಲರೂ ಹೇಗಿದ್ದೀರಿ? ಬೀದರಿನಲ್ಲಿ ಈಗಾಗಲೇ ಚಳಿ ಬಿದ್ದಿರಬೇಕು. ನಿನ್ನ ಉಬ್ಬಸ ಹೇಗಿದೆ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮಿಷನ್ನುಗಳಿಗೆ ತಂಪು ಬೇಕು ಅಂತ ಏಸಿ ಹಾಕಿ ಕೂರಿಸುತ್ತಾರಲ್ಲ, ಅಲ್ಲಿ ಮಫ್ಲರ್ ಸುತ್ತಿಕೊಂಡೇ ಕೂತಿರು. ಜೊತೆಯವರು ನಗುತ್ತಾರೆ ಅಂತ ಬಿಚ್ಚಿಡಬೇಡ. ಮಗುವಿನ ಕಿವಿ ಇನ್ನೂ ಸೋರುತ್ತಿದ್ದರೆ ಅತ್ತಿಗೆಗೆ ಹೇಳು, ಬೆಳ್ಳುಳ್ಳಿ ಎಣ್ಣೆ ಗಿಣ್ಣೆ ಕಾಯಿಸಿ ಬಿಡಬೇಡಿ, ಒಳ್ಳೆ ಡಾಕ್ಟರಿಗೆ ತೋರಿಸಿ. ಮೂಢನಂಬಿಕೆ ಬೇಡ ಅಂತ ಊರಿಗೆಲ್ಲ ಭಾಷಣ ಮಾಡುವವನ ಮನೆಯಲ್ಲೇ ಬೆಳ್ಳುಳ್ಳಿ ಎಣ್ಣೆ ಕುದಿಯುತ್ತೆ ಅಂತ ನನಗೆ ಗೊತ್ತು. ಅವ್ವನ ವಿಷಯ ಆಮೇಲೆ ಬರೆಯುತ್ತೇನೆ. ಈಗ ಜಗಲಿ ಮೇಲೆ ಮೊರ ಇಟ್ಟುಕೊಂಡು ಹುರುಳಿ ಕೇರುತ್ತಾ ಓರೆಗಣ್ಣಲ್ಲಿ ನನ್ನನ್ನೇ ನೋಡುತ್ತಿದ್ದಾಳೆ. ಅವಳಿಗೆ ಓದು ಬರದಿದ್ದರೇನು, ನಾನು ಪೆನ್ನು ಎಷ್ಟು ಒತ್ತಿ ಬರೆಯುತ್ತಿದ್ದೇನೆ ಎಂಬುದರಲ್ಲೇ ನನ್ನ ಕೋಪ ಎಷ್ಟಿದೆ ಅಂತ ತಿಳಿದುಕೊಳ್ಳುತ್ತಾಳೆ.

ನಿನ್ನ ಕಾಗದ ಬುಧವಾರ ಬಂತು. ನಂಜನಗೂಡಿನ ಎಸ್‌ಟಿಡಿ ಬೂತಿನಲ್ಲಿ ನಿಂತು ನಾನು ಅರ್ಧಂಬರ್ಧ ಹೇಳಿದ್ದನ್ನು ಕೇಳಿಸಿಕೊಂಡು ಪುಟಗಟ್ಟಲೆ ಬೈದಿದ್ದೀಯ. ‘ಆ ಕಲ್ಲು ಮುಟ್ಟೋಕಾ ನಿನ್ನ ನರ್ಸಿಂಗ್ ಓದಿಸಿದ್ದು?’ ಎಂಬ ಮಾತಿಗೆ ಅಡಿಗೆರೆ ಬೇರೆ ಎಳೆದಿದ್ದೀಯ. ಸರಿಯಪ್ಪ, ಓದಿಸಿದ್ದು ನೀನೇ, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಸೋಮವಾರ ಬೆಳಗ್ಗೆ ಕ್ಷಮಾಪಣೆ ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ನಮ್ಮ ನರ್ಸಿಂಗ್ ಹೋಮಿನ ಡಾಕ್ಟರು ನನ್ನನ್ನು ಮನೆಗೆ ಕಳಿಸಿದ್ದಾರೆ. ನೀನು ಏನು ಬರೆದಿದ್ದೀಯ? ಆ ಮುದುಕಿಯ ಬಾಯಿ ಬಿಡಿಸು, ಬಿಡದಿದ್ದರೆ ಅವಳನ್ನೂ ಸೇರಿಸಿ ಎಲ್ಲರ ಮೇಲೂ ಕೇಸು ಹಾಕು, ಅದಕ್ಕೂ ಧೈರ್ಯ ಇಲ್ಲದಿದ್ದರೆ ಸಹಿ ಹಾಕಿ ಕೆಲಸ ಉಳಿಸಿಕೋ. ಅಣ್ಣಾ, ಇದರಲ್ಲಿ ಒಂದನ್ನೂ ನಾನು ನೀನು ಹೇಳಿದ ಹಾಗೆ ಮಾಡುವುದಿಲ್ಲ. ಯಾಕೆ ಅಂತ ಪೂರ್ತಿ ಓದು. ಓದಿದ ಮೇಲೆ ಬೇಕಾದರೆ ಇನ್ನಷ್ಟು ಪುಟ ಬೈ, ಅಂಚೆಯವನಿಗೇನು ಕಷ್ಟವಿಲ್ಲ.

ಮಂಗಳಮ್ಮನವರು ಹುಲ್ಲಹಳ್ಳಿಯ ಲಿಂಗಾಯತರು, ಅಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಬಸವಪ್ರಸಾದನ ತಾಯಿ. ಗರ್ಭಕೋಶ ಜಾರಿ ವರ್ಷಗಟ್ಟಲೆ ಒದ್ದಾಡಿದ್ದಾರೆ. ಕೂತರೆ ಏಳುವುದಕ್ಕಾಗದು, ಎದ್ದರೆ ನಡೆಯುವುದಕ್ಕಾಗದು, ಯಾರಿಗಾದರೂ ಹೇಳೋಣವೆಂದರೆ ನಾಚಿಕೆ. ನಮ್ಮ ಹೆಂಗಸರ ಹಣೆಬರಹವೇ ಇಷ್ಟು, ಜಾತಿ ಯಾವುದಾದರೂ ಇದರಲ್ಲಿ ಮಾತ್ರ ಎಲ್ಲರೂ ಒಂದೇ. ಕೊನೆಗೆ ಸೊಸೆ ಹಟ ಹಿಡಿದು ನಮ್ಮಲ್ಲಿಗೆ ಕರೆದುಕೊಂಡು ಬಂದಳು. ಮುಂಚೆ ಬೇರೆ ಯಾವುದೋ ಆಸ್ಪತ್ರೆಯಲ್ಲಿ ಥಿಯೇಟರಿನ ಬಾಗಿಲ ತನಕ ಹೋಗಿ, ಒಲ್ಲೆ ಎಂದು ಎದ್ದು ಬಂದಿದ್ದರಂತೆ. ಕಾರಣ, ಕೊರಳಲ್ಲಿದ್ದ ಇಷ್ಟಲಿಂಗ. ಅದನ್ನು ಮೈಮೇಲಿಂದ ಇಳಿಸುವ ಹಾಗಿಲ್ಲ ಎಂಬುದು ಅವರ ನೇಮ. ದೀಕ್ಷೆಯ ದಿನ ಕಟ್ಟಿಕೊಂಡರೆ ಮಣ್ಣಿಗೆ ಹೋಗುವಾಗಲೂ ಅದು ಅವರ ಜೊತೆಯಲ್ಲೇ. ಆಪರೇಷನ್ನಿಗೆ ಹೋಗುವವರ ಮೈಮೇಲೆ ಏನೂ ಇರುವ ಹಾಗಿಲ್ಲ ಎಂಬುದು ಆಸ್ಪತ್ರೆಯ ನೇಮ.

ಆ ಬಿಚ್ಚಿಸುವ ಕೆಲಸ ನಮ್ಮದು, ನರ್ಸುಗಳದು. ಬಳೆ, ಕಾಲುಂಗುರ, ಮೂಗುಬೊಟ್ಟು, ತಾಳಿ, ಹಲ್ಲಿನ ಸೆಟ್ಟು, ಉಡುದಾರ. ನೋಡುವವರಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ. ಎಷ್ಟೋ ಕಡೆ ಹಾಗೇ ಮಾಡುತ್ತಾರೆ, ಕೋಳಿ ಪುಕ್ಕ ತರಿದ ಹಾಗೆ. ನಾನು ಹಾಗೆ ಮಾಡುವುದಿಲ್ಲ, ನಾನು ನನ್ನ ಕೈಯಿಂದ ಯಾವುದನ್ನೂ ಬಿಚ್ಚುವುದಿಲ್ಲ. ಅವರೇ ಬಿಚ್ಚಬೇಕು, ತಮ್ಮ ಕೈಯಿಂದ ತಮಗೆ ಬೇಕಾದವರ ಕೈಗೆ ಕೊಡಬೇಕು. ಯಾವುದು ಬಿಚ್ಚುವುದು ಕಷ್ಟ ಅಂತ ಮೊದಲೇ ಕೇಳಿ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೆಲವರಿಗೆ ತಾಳಿ ಕಷ್ಟ, ಕೆಲವರು ತಾಳಿಯನ್ನು ನಗುನಗುತ್ತಾ ತೆಗೆದುಕೊಡುತ್ತಾರೆ, ಹಲ್ಲಿನ ಸೆಟ್ಟು ತೆಗೆ ಅಂದರೆ ಅಳುತ್ತಾರೆ. ದೇವನೂರಿನ ಕಡೆಯ ಒಬ್ಬ ಯಜಮಾನರು, ಕಲ್ಲಯ್ಯ ಅಂತ, ಸೊಂಟದ ಬೀಡಿಕಟ್ಟು ಬಿಡುವುದಕ್ಕೇ ತಯಾರಿರಲಿಲ್ಲ. ಬರುವ ತನಕ ನಾನೇ ಇಟ್ಟುಕೊಂಡಿರುತ್ತೇನೆ ಅಂತ ಏಪ್ರನ್ ಜೇಬಿಗೆ ಹಾಕಿಕೊಂಡ ಮೇಲೆ ಹೋದರು. ಎಚ್ಚರವಾದ ಕೂಡಲೇ ಕೇಳಿದ್ದು ಹೆಂಡತಿಯನ್ನಲ್ಲ, ಬೀಡಿಯನ್ನ. ನಮ್ಮ ಡಾಕ್ಟರು ಇದನ್ನೆಲ್ಲ ನೋಡಿ, ‘ನಿಂದೊಂದು ಪುರಾಣ’ ಅಂತ ನಗುತ್ತಿದ್ದರು. ನಗಲಿ ಬಿಡು. ನನ್ನ ಕೈ ದಾಟಿ ಥಿಯೇಟರಿಗೆ ಹೋದವರು ನಡುಗುತ್ತಾ ಹೋದದ್ದು ಕಡಿಮೆ.

ಆವತ್ತು ಮಂಗಳಮ್ಮನವರು ಮಿಕ್ಕಿದ್ದನ್ನೆಲ್ಲ ಬಿಚ್ಚಿ ಸೊಸೆಯ ಸೆರಗಿಗೆ ಹಾಕಿದರು. ಲಿಂಗದ ಮಾತು ಬಂದ ಕೂಡಲೇ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ‘ಇದ ಬುಟ್ಟು ನಾನು ಎಲ್ಲಿಗೂ ಬರಾಕಿಲ್ಲ ಕಣವ್ವಾ. ಸತ್ರೂ ಚಿಂತಿಲ್ಲ, ಮನ್ಗೋಯ್ತೀನಿ’ ಅಂದರು. ಬಿ.ಪಿ. ನೋಡಿದರೆ ಏರಿ ಕೂತಿದೆ. ಇಳಿಯದಿದ್ದರೆ ಕೈ ಹಾಕುವುದಿಲ್ಲ ಅಂತ ಅರಿವಳಿಕೆ ಡಾಕ್ಟರು ಹೇಳಿಬಿಟ್ಟರು. ಇವರು ಇನ್ನೊಂದು ಸಲ ಎದ್ದು ಹೋದರೆ ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ನಮ್ಮ ಡಾಕ್ಟರ ಹತ್ತಿರ ಹೋದೆ. ಕರಡಿಗೆ ಬೆಳ್ಳಿಯದು, ಒಳಗೆ ಕರೆಂಟಿನ ಉಪಕರಣ ಬಳಸುತ್ತೇವೆ, ಲೋಹ ಮೈಗೆ ತಾಕಿದ್ದರೆ ಸುಡುತ್ತದೆ ಅಂದರು. ಅದು ಸರಿಯಾದ ಮಾತು. ಕರಡಿಗೆ ಬೇಡ ಸಾರ್, ಒಳಗಿನ ಲಿಂಗವನ್ನು ಮಾತ್ರ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ಅಂಗೈಗೆ ಕಟ್ಟಿದರೆ ಆಗುತ್ತಾ ಅಂತ ಕೇಳಿದೆ. ಇಬ್ಬರೂ ಡಾಕ್ಟರು ಮುಖ ಮುಖ ನೋಡಿಕೊಂಡರು. ‘ಅಡ್ಡಿಯಿಲ್ಲ, ಏನಾದ್ರೂ ಮಾಡು, ಬಿ.ಪಿ. ಇಳಿಸು’ ಅಂದರು. ಕೇಳದೆ ಮಾಡಿದೆ ಅಂತ ಈಗ ಅವರೇ ಹೇಳುತ್ತಿರುವುದರಿಂದ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ವಾಪಸು ಬಂದೆ. ಅವರ ಬಲಗೈಗೆ ಡ್ರಿಪ್ ಚುಚ್ಚಿತ್ತು. ಎಡಗೈಯೊಂದರಲ್ಲೇ ಕರಡಿಗೆಯ ಮುಚ್ಚಳ ತೆಗೆಯಲು ನೋಡಿದರು, ಆಗಲಿಲ್ಲ. ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. ಗಂಡಸರನ್ನು ಆ ಕೋಣೆಗೆ ಬಿಡುವ ಹಾಗಿರಲಿಲ್ಲ. ಇದ್ದವರು ನಾವಿಬ್ಬರೇ. ಆಗ ನಮ್ಮಿಬ್ಬರ ನಡುವೆ ಏನು ಮಾತಾಯಿತು ಎಂಬುದನ್ನೇ ತಾನೇ ಡಾಕ್ಟರೂ ಬಸವಪ್ರಸಾದನೂ ಈಗ ನೀನೂ ಕೇಳುತ್ತಿರುವುದು? ನಾನು ಯಾರೆಂದು ಅವರಿಗೆ ಗೊತ್ತಿತ್ತೇ, ಗೊತ್ತಿದ್ದೂ ಕೊಟ್ಟರೇ ಅಂತ. ನನ್ನ ಬಾಯಿಂದ ಹೊರಡುವುದು ನನ್ನದು, ಅದನ್ನು ಮಾತ್ರ ಹೇಳುತ್ತೇನೆ: ಯಾರ ಮಗಳು, ಯಾವ ಬೀದಿ ಎಂದು ಕೇಳಿದ ಯಾವ ರೋಗಿಗೂ ನಾನು ಇವತ್ತಿನ ತನಕ ಸುಳ್ಳು ಹೇಳಿಲ್ಲ. ಅವರ ಬಾಯಿಂದ ಹೊರಟದ್ದು ಅವರದು. ಅದನ್ನು ನಿನಗೂ ಹೇಳುವುದಿಲ್ಲ. ಕೋಪ ಮಾಡಿಕೋ.

ಲಿಂಗವನ್ನು ಕೈಗೆ ತೆಗೆದುಕೊಂಡೆ. ಕಪ್ಪಗೆ, ನೇರಳೆಹಣ್ಣಿಗಿಂತ ತುಸು ದಪ್ಪ. ನೀನು ದೇವರಿಲ್ಲ ಅಂತೀಯ, ನಾನೂ ದೀಪ ಹಚ್ಚುವವಳಲ್ಲ, ನಿನಗೆ ಗೊತ್ತು. ಅದರೊಳಗೆ ಏನಿದೆಯೋ ಏನಿಲ್ಲವೋ, ನನಗೆ ತಿಳಿದದ್ದು ಒಂದೇ, ಅದು ಬಿಸಿಯಾಗಿತ್ತು. ಆ ಅಮ್ಮನ ಮೈಬಿಸಿ. ಅಷ್ಟು ವರ್ಷ ಎದೆಗೆ ಒತ್ತಿಕೊಂಡದ್ದು ಇನ್ನು ಹೇಗಿರುತ್ತದೆ? ಬ್ಯಾಂಡೇಜಿನಲ್ಲಿ ಸುತ್ತಿ ಎಡ ಅಂಗೈಗೆ ಇಟ್ಟು, ಬೆರಳು ಮಡಿಸಿ, ಮೇಲೆ ಪ್ಲಾಸ್ಟರ್ ಅಂಟಿಸಿದೆ. ಬಿಗಿಯಾಯಿತಾ ಅಂತ ಕೇಳಿದೆ, ಇಲ್ಲ ಅಂದರು. ಸ್ವಲ್ಪ ಹೊತ್ತಿಗೆ ಬಿ.ಪಿ. ಇಳಿಯಿತು. ಆಪರೇಷನ್ ಆಯಿತು, ಏನೂ ತೊಂದರೆಯಾಗಲಿಲ್ಲ. ಎಚ್ಚರವಾಗುವಾಗ ಕಣ್ಣು ಬಿಡುವುದಕ್ಕೂ ಮುಂಚೆ ಎಡಗೈ ಬೆರಳು ಅಲ್ಲಾಡಿಸಿ ನೋಡಿಕೊಂಡರು. ಸೊಸೆ ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು. ಬಸವಪ್ರಸಾದ ಕೂಡ, ‘ತುಂಬಾ ಉಪ್ಕಾರ ಆಯ್ತು ಸಿಸ್ಟ್ರೇ’ ಅಂದ. ಆ ದಿನ ನಾನು ಎಷ್ಟು ಸಂತೋಷವಾಗಿ ರೂಮಿಗೆ ಹೋದೆ ಗೊತ್ತಾ ಅಣ್ಣಾ? ದಾರಿಯಲ್ಲಿ ಬಾಳೆಹಣ್ಣು ಕೊಂಡು ತಿಂದುಕೊಂಡು ಹೋದೆ.

ಮಾರನೆಯ ದಿನ ಅವರನ್ನು ನೋಡಲು ನರಸೀಪುರದ ಕಡೆಯ ನೆಂಟರೊಬ್ಬರು ಬಂದರು. ನನ್ನ ಮುಖ ನೋಡಿದವರೇ, ‘ಇವ್ಳು ನಮ್ಮ ಚಿಕ್ಕಮಾದು ಮಗ್ಳಲ್ವಾ?’ ಅಂದರು. ಪಾಪ, ಅವರು ಕೇಡು ಬಗೆದು ಅಂದದ್ದಲ್ಲ, ಗುರುತು ಸಿಕ್ಕಿದ ಖುಷಿಗೆ ಅಂದದ್ದು. ಅಪ್ಪ ಅವರ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದನಂತೆ, ಒಳ್ಳೆ ಆಳಾಗಿದ್ದನಂತೆ. ಬಸವಪ್ರಸಾದನ ಮುಖ ಅಲ್ಲೇ ಕಪ್ಪಿಟ್ಟಿತು. ನನ್ನನ್ನು ಕಾರಿಡಾರಿಗೆ ಕರೆದು, ‘ಯಾರ್ನ ಕೇಳಿ ಮುಟ್ದೆ?’ ಅಂದ. ಅದರ ಹಿಂದೆಯೇ ಇನ್ನೊಂದು ಮಾತು ಅಂದ, ಅದು ಯಾವ ಮಾತೆಂದು ನಿನಗೆ ಬರೆದು ತಿಳಿಸಬೇಕಾಗಿಲ್ಲ, ನಾವಿಬ್ಬರೂ ಅದನ್ನು ಕೇಳಿಕೊಂಡೇ ಸ್ಕೂಲಿಗೆ ಹೋದವರು. ಆಯಾ ಮರಿತಾಯಮ್ಮ ನೆಲ ಒರೆಸುತ್ತಿದ್ದವಳು ಬಟ್ಟೆ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಳು.

ಅವನು ಆಮೇಲೆ ಮಾಡಿದ್ದು ಕೇಳು, ಇದು ಗುಟ್ಟಲ್ಲ, ಇಡೀ ವಾರ್ಡೇ ನೋಡಿದೆ. ಮೈಲಿಗೆಯಾಯಿತು, ಶುದ್ಧಿ ಮಾಡಬೇಕು ಅಂತ ಹೆತ್ತ ತಾಯಿಯ ಕೊರಳಿಂದ ಲಿಂಗವನ್ನು ತೆಗೆದುಕೊಂಡು ಕಪಿಲಾ ಹೊಳೆಗೆ ಹೋದ! ಯಾವುದನ್ನು ಮೈಮೇಲಿಂದ ಇಳಿಸಿದರೆ ಸಾವೇ ಮೇಲು ಎಂದು ಆಯಮ್ಮ ಆಪರೇಷನ್ನೇ ಬೇಡ ಅಂದಿದ್ದರೋ ಅದನ್ನು ನಾನು ಇಳಿಸಲಿಲ್ಲ, ಡಾಕ್ಟರು ಇಳಿಸಲಿಲ್ಲ, ಧರ್ಮ ಕಾಯುವುದಕ್ಕೆ ಹೊರಟ ಮಗ ಇಳಿಸಿದ. ಅವನು ತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅಲ್ಲಿಯ ತನಕ ಮಂಗಳಮ್ಮನವರು ಒಂದು ಗುಟುಕು ನೀರು ಮುಟ್ಟಲಿಲ್ಲ. ಹಿಂದಿನ ದಿನದ ಬ್ಯಾಂಡೇಜ್ ಬಟ್ಟೆ ದಿಂಬಿನ ಕೆಳಗಿತ್ತು, ಅದನ್ನು ಮುದುರಿ ಎಡ ಅಂಗೈಯಲ್ಲಿ ಇಟ್ಟುಕೊಂಡು ಮುಷ್ಟಿ ಬಿಗಿ ಹಿಡಿದು ಗೋಡೆ ಕಡೆ ತಿರುಗಿ ಮಲಗಿದ್ದರು. ತುಟಿ ಒಣಗಿತ್ತು. ನೀರು ಅದ್ದಿದ ಹತ್ತಿ ತಂದೆ, ತಲೆ ಅಲ್ಲಾಡಿಸಿದರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ, ಬೇರೆ ಏನು ಮಾಡಲಿ? ಅಣ್ಣಾ, ಆ ಧರ್ಮ ಹುಟ್ಟಿದ್ದೇ ಜಾತಿ ಬೇಡ ಅಂತ, ಹಾಗಂತ ನನಗೆ ಇತಿಹಾಸ ಪಾಠ ಹೇಳಿಕೊಡುವಾಗ ನೀನೇ ಹೇಳಿದ್ದೆ. ಬಸವಪ್ರಸಾದನಿಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ ಅಂತ ಕಾಣುತ್ತೆ. ಮತ್ತೆ ಇನ್ನೊಂದು, ನಂಜನಗೂಡಿನ ಹೊಳೆಯಲ್ಲಿ ಅವನು ತೊಳೆದ ನೀರು ಎಲ್ಲಿಗೆ ಬಂತು? ನಮ್ಮ ನರಸೀಪುರಕ್ಕೇ ಬಂತು. ಅವ್ವ ಅದರಲ್ಲೇ ಸೀರೆ ಒಗೆದಳು. ಈ ಮಾತು ಹೇಳಿದರೆ ಅವ್ವ ಹುರುಳಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಡಾಕ್ಟರ ರೂಮಿನಲ್ಲಿ ಪಂಚಾಯಿತಿ. ನಮ್ಮ ಡಾಕ್ಟರು ಕೆಟ್ಟವರಲ್ಲ, ಆದರೆ ಹುಲ್ಲಹಳ್ಳಿ ಕಡೆಯ ರೋಗಿಗಳು ಅರ್ಧಕ್ಕರ್ಧ ಬಸವಪ್ರಸಾದನ ಮಾತಿನ ಮೇಲೆ ಬರುವವರು. ತಾಯಿಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಕರೆತಂದರು. ‘ಅಮ್ಮಾ, ಈ ಸಿಸ್ಟರ್ ಯಾರು ಅಂತ ನಿಮಗೆ ಮೊದಲೇ ಗೊತ್ತಿತ್ತಾ?’ ಅಂತ ಡಾಕ್ಟರು ಕೇಳಿದರು. ಮಂಗಳಮ್ಮನವರು ಮಗನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಡಾಕ್ಟರು ನನ್ನ ಕಡೆ ತಿರುಗಿ, ‘ನೀನು ಹೇಳಿದ್ದೆಯೇನಮ್ಮಾ?’ ಅಂದರು. ಅದನ್ನು ನಾನು ಹೇಳುವುದಿಲ್ಲ ಸಾರ್, ಹಾಸಿಗೆಯ ಪಕ್ಕದಲ್ಲಿ ಆದ ಮಾತು ರೋಗಿಯದು ಅಂದೆ. ಬಸವಪ್ರಸಾದ, ‘ನೋಡಿದ್ರಾ ಸಾ, ಬಾಯಿಲ್ಲ ಇವ್ಳಿಗೆ’ ಅಂದ. ಬಾಯಿ ಇತ್ತು ಅಣ್ಣಾ, ನಾಲಿಗೆಯ ತುದಿಯಲ್ಲೇ ಇತ್ತು ಮಾತು. ಕಚ್ಚಿ ಹಿಡಿದುಕೊಂಡೆ.

ಕ್ಷಮಾಪಣೆ ಕಾಗದವನ್ನು ಡಾಕ್ಟರೇ ಬರೆಸಿದ್ದಾರೆ. ಅದರಲ್ಲಿರುವುದು ಇಷ್ಟು: ರೋಗಿಗೆ ತಿಳಿಯದಂತೆ, ಅವರ ಒಪ್ಪಿಗೆಯಿಲ್ಲದೆ, ಅವರ ಪವಿತ್ರ ವಸ್ತುವನ್ನು ಮುಟ್ಟಿದ್ದಕ್ಕೆ ವಿಷಾದಿಸುತ್ತೇನೆ. ನಾನು ಸೂಜಿ ತಪ್ಪಾಗಿ ಚುಚ್ಚಿದ್ದರೆ ಕಾಲು ಮುಟ್ಟಿ ಕ್ಷಮೆ ಕೇಳುತ್ತಿದ್ದೆ. ಮಾತ್ರೆ ಕೊಡುವುದು ತಡವಾಗಿದ್ದರೆ ಕೇಳುತ್ತಿದ್ದೆ. ಒಪ್ಪಿಗೆ ಇಲ್ಲದೆ ಮುಟ್ಟಿದೆ ಅಂತ ಸಹಿ ಹಾಕುವುದೆಂದರೆ, ನಾನು ಇಷ್ಟು ವರ್ಷ ಮಾಡಿದ ಕೆಲಸದ ಮೇಲೆ ನಾನೇ ಉಗುಳಿದ ಹಾಗೆ. ಹಾಕುವುದಿಲ್ಲ. ಕೆಲಸ ಹೋದರೆ ಹೋಗಲಿ. ಜ್ವರ ಬಂದವರು ಈ ಜಿಲ್ಲೆಯಲ್ಲಿ ನಂಜನಗೂಡಿನ ಆ ಒಂದು ಕಟ್ಟಡದಲ್ಲಿ ಮಾತ್ರ ಇಲ್ಲ.

ಹಾಗಾದರೆ ಮುದುಕಿ ಯಾಕೆ ಸುಮ್ಮನಿರಬೇಕು, ಅವಳ ಬಾಯಿ ಬಿಡಿಸು ಅಂತೀಯ. ಬಾಯಿ ಬಿಟ್ಟರೆ ನನ್ನ ಕೆಲಸ ಉಳಿಯುತ್ತದೆ, ಸರಿ. ಅವರು ಹೋಗುವುದು ಯಾವ ಮನೆಗೆ? ಅವರಿಗೆ ಅನ್ನ ಹಾಕುವವರು ಯಾರು, ಬಚ್ಚಲಿಗೆ ಕೈಹಿಡಿದು ಕರೆದುಕೊಂಡು ಹೋಗುವವರು ಯಾರು? ಆ ಮಗನ ಮನೆಯಲ್ಲೇ ಮಿಕ್ಕ ಆಯಸ್ಸು ಕಳೆಯಬೇಕು. ನಾನು ಡ್ಯೂಟಿ ಮುಗಿಸಿ ರೂಮಿಗೆ ಹೋಗುವವಳು, ಅವರು ಎಲ್ಲಿಗೆ ಹೋಗುತ್ತಾರೆ? ಡಿಸ್ಚಾರ್ಜ್ ಆಗಿ ಕಾರು ಹತ್ತುವಾಗ ಅವರು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಬೇಜಾರಾಯಿತು, ಯಾಕೆ ಸುಳ್ಳು ಹೇಳಲಿ, ಸ್ಟೋರ್ ರೂಮಿನಲ್ಲಿ ನಿಂತು ಅತ್ತೆ. ಅತ್ತ ಮೇಲೂ ನನ್ನ ಮನಸ್ಸು ಬದಲಾಗಲಿಲ್ಲ. ನನ್ನನ್ನು ನೋಡದಿರುವ ಹಕ್ಕೂ ಅವರಿಗಿದೆ ಅಂದುಕೊಂಡೆ. ಕೇಸಿನ ಮಾತು ಬೇರೆ. ಬಸವಪ್ರಸಾದ ನನ್ನ ಮುಖಕ್ಕೆ ಅಂದ ಮಾತು ನನಗೆ ಅಂದದ್ದು, ಅದಕ್ಕೆ ಮಂಗಳಮ್ಮನವರ ಸಾಕ್ಷಿ ಬೇಕಾಗಿಲ್ಲ. ಸೋಮವಾರ ಯೂನಿಫಾರ್ಮ್ ಹಾಕಿಕೊಂಡು ನನ್ನ ಡ್ಯೂಟಿಯ ಹೊತ್ತಿಗೆ ಹೋಗುತ್ತೇನೆ, ಸಹಿ ಹಾಕುವುದಿಲ್ಲ ಅಂತ ಹೇಳುತ್ತೇನೆ, ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ಅವನೊಬ್ಬನ ಮೇಲೆ ದೂರು ಕೊಡುತ್ತೇನೆ. ಮರಿತಾಯಮ್ಮ ಜೊತೆಗೆ ಬರುತ್ತಾಳೆ. ನಿನ್ನ ಕೆಲಸಕ್ಕೂ ಕಲ್ಲು ಬೀಳುತ್ತೆ ಕಣೇ ಅಂದರೆ, ‘ಓದ್ರೆ ಓಯ್ತದೆ ಬುಡವ್ವ, ನಾನೇನು ಕಿವುಡೀನಾ?’ ಅಂದಳು.

ನೀನು ಕೇಳಬಹುದು, ಇಷ್ಟೆಲ್ಲ ಹಟ ಎಲ್ಲಿಂದ ಬಂತು ನಿನಗೆ ಅಂತ. ಟ್ರೈನಿಂಗಿನಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟವನು ಅಪ್ಪ. ಅಪ್ಪ ಎದೆನೋವಿನಿಂದ ಆಸ್ಪತ್ರೆಗೆ ಸೇರಿದಾಗ ನಾನು ಟ್ರೈನಿಂಗಿಗೆ ಸೇರಿ ಹೊಸತು. ಸುದ್ದಿ ತಿಳಿದು ನಾನು ಓಡಿ ಬರುವ ಮುಂಚೆಯೇ ಇದು ನಡೆದುಹೋಗಿತ್ತು. ಅಪ್ಪನ ಕೊರಳಲ್ಲಿ ಮಾದಪ್ಪನ ಬೆಟ್ಟದ ಕರಿದಾರ ಇತ್ತಲ್ಲ, ಎದೆಗೆ ತಂತಿ ಹಚ್ಚಲು ಅಡ್ಡ ಬರುತ್ತದೆಂದು ಸಿಸ್ಟರ್ ಕತ್ತರಿ ತಂದಳಂತೆ. ಅಪ್ಪ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡನಂತೆ. ಒಂದೊಂದೇ ಬೆರಳು ಬಿಡಿಸಿ, ‘ಕತ್ತರಿಸಿ ಸಿಸ್ಟರ್, ಇದೆಲ್ಲ ಮೌಢ್ಯ’ ಅಂದವನು ನೀನು. ಇದನ್ನು ನನಗೆ ಅವ್ವ ಹೇಳಿದಳು, ದೂರುವುದಕ್ಕೆ ಹೇಳಿದ್ದಲ್ಲ, ಅಳುತ್ತಾ ಹೇಳಿದ್ದು. ನಾನು ಬಂದ ಮೇಲೆ ಕಂಡದ್ದು ಒಂದೇ. ಕೊನೆಯ ಉಸಿರಿನ ತನಕ ಅಪ್ಪನ ಕೈ ಎದೆಯ ಮೇಲೆ ತಡಕುತ್ತಲೇ ಇತ್ತು. ಏನಪ್ಪಾ ಬೇಕು, ನೀರು ಬೇಕಾ, ಸೆಖೆಯಾಗುತ್ತಾ ಅಂತ ನಾನು ಕೇಳುತ್ತಿದ್ದೆ, ಅವನು ತಡಕುತ್ತಿದ್ದ. ದಾರ ಇದ್ದಿದ್ದರೆ ಅಪ್ಪ ಉಳಿಯುತ್ತಿದ್ದ ಅಂತ ನಾನು ಹೇಳುವುದಿಲ್ಲ, ಹೃದಯ ಆಗಲೇ ಸೋತಿತ್ತು. ಹುಡುಕುತ್ತಾ ಹೋಗಬೇಕಾಗಿರಲಿಲ್ಲ, ಅಷ್ಟೇ. ಆ ದಾರ ಎಲ್ಲಿ ಬಿತ್ತು, ಏನಾಯಿತು ಅಂತ ಆ ಗಲಾಟೆಯಲ್ಲಿ ನೀನು ನೋಡಲಿಲ್ಲ.

ಮಾರನೆಯ ವರ್ಷ ನಾವು ದೀಕ್ಷೆ ತೆಗೆದುಕೊಂಡೆವು. ನೀನು ಗೋಡೆಯಿಂದ ಮಾದಪ್ಪನ ಪಟ ಇಳಿಸಿ ಬುದ್ಧನನ್ನೂ ಬಾಬಾಸಾಹೇಬರನ್ನೂ ಹಾಕಿದೆ. ಸರಿಯಾದ ಕೆಲಸವೇ. ನಾನು ಅವರ ಪಟದ ಕೆಳಗೇ ಕೂತು ಬರೆಯುತ್ತಿದ್ದೇನೆ, ತಲೆ ಎತ್ತಿಯೇ ಕೂತಿದ್ದೇನೆ. ಗೋಡೆಯಿಂದ ಇಳಿಸಿದ ಮಾದಪ್ಪನನ್ನು ನಿನ್ನ ಹೆಸರಿನಿಂದ ಮಾತ್ರ ಇಳಿಸಲಾಗಲಿಲ್ಲ, ಆಫೀಸಿನಲ್ಲಿ ಇವತ್ತಿಗೂ ನೀನು ಮಾದೇಶನೇ. ತಮಾಷೆಗೆ ಹೇಳಿದೆ, ಮುಖ ಗಂಟು ಹಾಕಿಕೊಳ್ಳಬೇಡ. ಕರುಣೆ ಕರುಣೆ ಅಂತ ನೀನು ಸಭೆಗಳಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತೀಯ. ನನಗೆ ಅಷ್ಟು ದೊಡ್ಡ ಮಾತು ಬರುವುದಿಲ್ಲ. ಚಳಿಯ ಬೆಳಗ್ಗೆ ಸ್ಟೀಲಿನ ಬೆಡ್‌ಪ್ಯಾನ್ ಇಡುವ ಮುಂಚೆ ಬಿಸಿನೀರಲ್ಲಿ ತೊಳೆದು ಬೆಚ್ಚಗೆ ಮಾಡುತ್ತೇನೆ. ಹೊದಿಕೆ ಸರಿಸುವ ಮುಂಚೆ ಸರಿಸಲಾ ಅಂತ ಕೇಳುತ್ತೇನೆ, ಮೈಮೇಲೆ ಪ್ರಜ್ಞೆ ಇಲ್ಲದವರನ್ನೂ ಕೇಳುತ್ತೇನೆ. ನನ್ನ ನಂಬಿಕೆ ಏನು ಎಂಬುದು ನನ್ನ ರೂಮಿನ ವಿಷಯ. ಮಂಚದ ಮೇಲೆ ಮಲಗಿದವರ ಮುಷ್ಟಿಯಲ್ಲಿ ಏನಿದೆಯೋ ಅದು ಕಲ್ಲಾಗಲಿ, ದಾರವಾಗಲಿ, ಬೀಡಿಕಟ್ಟಾಗಲಿ, ಅದನ್ನು ಕಾಯುವುದು ನನ್ನ ಕೆಲಸ. ನಮ್ಮನ್ನು ಬೀದಿಯಾಚೆ ನಿಲ್ಲಿಸಿದವರ ಕಲ್ಲನ್ನೂ ಕಾಯುತ್ತೀಯಾ ಅಂತ ಕೇಳಿದೆ ನೀನು. ಹೌದು, ಕಾಯುತ್ತೇನೆ. ಅವರು ನನ್ನನ್ನು ಹೇಗೆ ನಡೆಸಿಕೊಂಡರು ಎಂಬುದರ ಮೇಲೆ ನಾನು ಹೇಗೆ ಕೆಲಸ ಮಾಡಬೇಕು ಎಂಬುದು ನಿಂತಿದ್ದರೆ, ನನ್ನ ಕೈ ಅವರ ಮಾತು ಕೇಳಿದ ಹಾಗಾಯಿತು. ನನ್ನ ಕೈ ಯಾರ ಮಾತನ್ನೂ ಕೇಳುವುದಿಲ್ಲ ಅಣ್ಣಾ, ಬಸವಪ್ರಸಾದನ ಮಾತನ್ನೂ ಇಲ್ಲ, ನಿನ್ನ ಮಾತನ್ನೂ ಇಲ್ಲ.

ಇಷ್ಟು ಖಾರವಾಗಿ ಬರೆದೆ ಅಂತ ಅತ್ತಿಗೆಗೆ ಓದಿ ಹೇಳಬೇಡ, ಅವಳು ಸುಮ್ಮನೆ ಹೆದರುತ್ತಾಳೆ. ಬಿಂದುಶ್ರೀಗೆ ಅತ್ತೆಯ ಮುತ್ತು. ಅವಳಿಗೆ ಅಂತ ಅವ್ವ ಹುರಿಗಡಲೆ ಉಂಡೆ ಕಟ್ಟಿಟ್ಟಿದ್ದಾಳೆ, ಬೀದರಿಗೆ ಕಳಿಸಿದರೆ ಪುಡಿಯಾಗುತ್ತೆ, ಬಂದರೆ ತಿನ್ನಲಿ. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ. ಎಷ್ಟು ಜಗಳವಾಡಿದರೂ ನನಗೆ ಇರುವ ಅಣ್ಣ ನೀನೊಬ್ಬನೇ, ನಿನ್ನ ಉಸಿರು ಸರಾಗವಾಗಿರಲಿ.

ಯಾರಿಗೂ ಬಗ್ಗದ, ನಿನ್ನಿಂದಲೇ ಬಗ್ಗದಿರುವುದನ್ನು ಕಲಿತ ತಂಗಿ,
ಚಿಕ್ಕತಾಯಿ

ಮತ್ತೆ: ಮರೆತಿದ್ದೆ ಅಂದರೆ ಸುಳ್ಳು, ಬರೆಯಲು ಕೈ ಬರಲಿಲ್ಲ. ಅವ್ವನ ಹೊಟ್ಟೆನೋವು ನೀನು ಅಂದುಕೊಂಡ ಹಾಗೆ ಗ್ಯಾಸ್ ಅಲ್ಲ, ಪಿತ್ತಕೋಶದಲ್ಲಿ ಕಲ್ಲಾಗಿದೆ. ಮೈಸೂರಿನಲ್ಲಿ ೨೬ನೇ ತಾರೀಖು ಗುರುವಾರ ಬೆಳಗ್ಗೆ ಆಪರೇಷನ್. ಹೆದರುವಂಥದ್ದಲ್ಲ, ಆದರೂ ನೀನು ಬರಬೇಕು. ಎಕ್ಸ್‌ಚೇಂಜಿಗೆ ಫೋನೂ ಮಾಡುತ್ತೇನೆ, ಆದರೆ ಈ ಮಾತನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಅಪ್ಪನ ದಾರ ಅವ್ವನ ಹತ್ತಿರ ಇದೆ. ಆವತ್ತು ಆಸ್ಪತ್ರೆಯ ನೆಲದಿಂದ ಎತ್ತಿಕೊಂಡದ್ದು, ಇಷ್ಟು ವರ್ಷವೂ ಎಲೆಅಡಿಕೆ ಚೀಲದ ಒಳಮಡಿಕೆಯಲ್ಲಿ ನಿನ್ನ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಂಡಿದ್ದಾಳೆ. ಇದನ್ನು ಅಣ್ಣನಿಗೆ ಬರೆಯಲಾ ಅಂತ ಈಗ ತಾನೇ ಕೇಳಿದೆ. ಮೊರ ಕೆಳಗಿಟ್ಟು, ಬರಿ ಅಂದಳು. ಅದಕ್ಕೇ ಬರೆದೆ. ಥಿಯೇಟರಿಗೆ ಅದನ್ನು ಕಟ್ಟಿಕೊಂಡೇ ಹೋಗುತ್ತಾಳಂತೆ. ನಾನು ಕಟ್ಟುತ್ತೇನೆ ಬಿಡವ್ವಾ ಅಂದೆ. ‘ನೀ ಬ್ಯಾಡ ಕಣವ್ವಾ, ಬಿಚ್ಚಿಸ್ದೋನೇ ಕಟ್ಲಿ’ ಅಂದಳು. ಕತ್ತರಿಸಿದ್ದರಿಂದ ದಾರ ಕೊರಳಿಗೆ ಸಾಲುವುದಿಲ್ಲ, ಮಣಿಕಟ್ಟಿಗೆ ಸಾಕಾಗುತ್ತೆ, ನಾನು ಅಳತೆ ನೋಡಿದ್ದೇನೆ. ಬುಧವಾರವೇ ಬಂದುಬಿಡು.